ಆಫ್‌ಶೋರ್ ವಕೀಲಿಕೆ: ಹೋದರೆ ಮರಳಿ ಬರುವ ದಾರಿ ಉಳಿದೀತೇ?

ಪ್ರಶ್ನೆ

ಲಂಡನ್ನಿನ ಸಂಸ್ಥೆಯೊಂದರಲ್ಲಿ ಕಂಪನಿಗಳ ವಿಲೀನ ಮತ್ತು ಬ್ಯಾಂಕ್ ಸಾಲಗಳ ಕರಾರುಗಳನ್ನು ನೋಡಿಕೊಳ್ಳುವ ಸಾಲಿಸಿಟರ್ ನಾನು. ಅರ್ಹತೆ ಪಡೆದು ನಾಲ್ಕು ವರ್ಷವಾಗಿದೆ. ಹೊರದೇಶದವರು ಕಂಪನಿ ನೋಂದಾಯಿಸುವ ಆಫ್‌ಶೋರ್ ಕೇಂದ್ರಗಳಾದ ಕೆರಿಬಿಯನ್ನಿನ ಕೇಮನ್ ದ್ವೀಪಗಳಿಗೋ ಫ್ರಾನ್ಸಿನ ಕರಾವಳಿಗೆ ಹತ್ತಿರದ ಜರ್ಸಿ ದ್ವೀಪಕ್ಕೋ ಹೋಗುವಂತೆ ನೇಮಕಾತಿ ಏಜೆಂಟರೊಬ್ಬರು ಬೆನ್ನುಬಿದ್ದಿದ್ದಾರೆ. ಕೇಮನ್‌ನಲ್ಲಿ ಆದಾಯ ತೆರಿಗೆಯೇ ಇಲ್ಲವೆಂಬುದು ಆಕರ್ಷಣೆ. ಆದರೆ ಬೇರೆಯವರು ಕುದುರಿಸಿದ ವ್ಯವಹಾರಕ್ಕೆ ಮೊಹರು ಒತ್ತುವುದಷ್ಟೇ ಅಲ್ಲಿನ ಕೆಲಸವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? ಕೆಲವು ವರ್ಷಗಳ ನಂತರ ಲಂಡನ್ನಿಗೆ ಮರಳಬಹುದೇ?

ಉತ್ತರ 1

ಅರ್ಧ ನಿಜ. ಮುಖ್ಯ ಕರಾರನ್ನು ಬಹುಪಾಲು ನ್ಯೂಯಾರ್ಕ್ ಅಥವಾ ಲಂಡನ್ನಿನ ವಕೀಲರೇ ಬರೆಯುತ್ತಾರೆ. ಕೇಮನ್‌ನ ವಕೀಲರಾದ ನಮ್ಮ ಪಾಲಿಗೆ ಬರುವುದು ಕಾನೂನು ಅಭಿಪ್ರಾಯ ಪತ್ರ. ಸಾಲ ಪಡೆಯುವ ಕಂಪನಿ ಕೇಮನ್‌ನದಾದರೆ, ಅದು ಅಸ್ತಿತ್ವದಲ್ಲಿದೆ, ಕರಾರಿಗೆ ಸಹಿ ಹಾಕುವ ಅಧಿಕಾರ ಅದಕ್ಕಿದೆ, ನಿರ್ದೇಶಕರ ನಿರ್ಣಯ ಕ್ರಮಬದ್ಧವಾಗಿದೆ ಎಂದು ಲಿಖಿತವಾಗಿ ಹೇಳುವವರು ನಾವು, ಮತ್ತು ಆ ಪತ್ರ ಕೈಸೇರದೆ ಬ್ಯಾಂಕು ಸಾಮಾನ್ಯವಾಗಿ ಹಣ ಬಿಡುಗಡೆ ಮಾಡುವುದಿಲ್ಲ. ನಿರ್ಣಯಕ್ಕೆ ಸಹಿ ಹಾಕಿದ ನಿರ್ದೇಶಕರು ಅದಕ್ಕೆ ಎರಡು ದಿನ ಮೊದಲೇ ರಾಜೀನಾಮೆ ಕೊಟ್ಟಿದ್ದರೆಂದು ಹಣ ಪಾವತಿಯ ಹಿಂದಿನ ರಾತ್ರಿ ರಿಜಿಸ್ಟರಿನಲ್ಲಿ ಕಂಡುಬಂದರೆ, ಇಡೀ ವ್ಯವಹಾರ ನಿಮ್ಮೊಬ್ಬರ ಮೇಜಿನ ಮೇಲೆ ನಿಲ್ಲುತ್ತದೆ. ಮೊಹರು ಒತ್ತುವವರಿಗೆ ಈ ಹೊಣೆ ಇರುವುದಿಲ್ಲ.

ಹೂಡಿಕೆ ನಿಧಿಗಳ ವಿಭಾಗದಲ್ಲಾದರೆ ಕರಡು ರಚನೆಯ ಅವಕಾಶ ಹೆಚ್ಚು. ಕಂಪನಿಗಳ ಕಡೆಯೂ ಕೆಲಸ ಸಣ್ಣದೇನಲ್ಲ; ನ್ಯೂಯಾರ್ಕಿನಲ್ಲಿ ಷೇರು ಪಟ್ಟಿಯಾಗಿರುವ ಅಲಿಬಾಬಾ ಕೂಡ ಕೇಮನ್ ಕಂಪನಿಯೇ. ಕೇಮನ್ ನ್ಯಾಯಾಲಯಗಳ ಅಂತಿಮ ಮೇಲ್ಮನವಿ ಲಂಡನ್ನಿನ ನ್ಯಾಯಪೀಠವಾದ ಪ್ರಿವಿ ಕೌನ್ಸಿಲಿಗೆ ಹೋಗುವುದರಿಂದ ನೀವು ಕಲಿತ ಇಂಗ್ಲಿಷ್ ಕಾನೂನು ಇಲ್ಲಿ ದಿನವೂ ಬಳಕೆಗೆ ಬರುತ್ತದೆ.

ಉತ್ತರ 2

ಜರ್ಸಿಯ ವಿಷಯವೇ ಬೇರೆ. ಅಲ್ಲಿನ ಕಾನೂನಿನ ಬೇರು ನಾರ್ಮಂಡಿಯ ರೂಢಿಗತ ಕಾನೂನಿನಲ್ಲಿದೆ. ಇಂಗ್ಲಿಷ್ ಸಾಲಿಸಿಟರ್ ಆಗಿಯೇ ಕಾರ್ಪೊರೇಟ್ ವಿಭಾಗಕ್ಕೆ ಸೇರಬಹುದಾದರೂ, ಅಲ್ಲಿನ ನ್ಯಾಯಾಲಯವಾದ ರಾಯಲ್ ಕೋರ್ಟಿನಲ್ಲಿ ವಾದಿಸುವ ಅಡ್ವೊಕೇಟ್ ಆಗಬೇಕಾದರೆ ಸ್ಥಳೀಯ ಪರೀಕ್ಷೆಗಳನ್ನು ಪಾಸು ಮಾಡಲೇಬೇಕು. ಪಕ್ಕದ ಗರ್ನ್ಸಿ ದ್ವೀಪದ ಅಡ್ವೊಕೇಟರಂತೂ ಫ್ರಾನ್ಸಿನ ನಾರ್ಮಂಡಿಯ ಕಾನ್ (Caen) ನಗರದ ವಿಶ್ವವಿದ್ಯಾಲಯದಲ್ಲಿ ಓದಿ ಬರುವ ಪದ್ಧತಿ ಬಹುಕಾಲ ಇತ್ತು. ಅಂದ ಹಾಗೆ, ಜರ್ಸಿಯಲ್ಲಿ ಶೇ. 20ರ ಆದಾಯ ತೆರಿಗೆಯಿದೆ. ಏಜೆಂಟರು ಇದನ್ನು ಮೆಲ್ಲಗೆ ಹೇಳುತ್ತಾರೆ.

ಉತ್ತರ 3

ಮರಳುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಎರಡು ಮೂರು ವರ್ಷಗಳೊಳಗೆ ಲಂಡನ್ನಿಗೆ ಮರಳುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕಿಂತ ತಡವಾದರೆ, ದೊಡ್ಡ ಕರಾರಿನ ಮಾತುಕತೆಯನ್ನು ನೀವೇ ಮುನ್ನಡೆಸಿದ ಅನುಭವ ಸಮಕಾಲೀನರಿಗಿಂತ ಕಡಿಮೆ ಎಂಬ ಆಕ್ಷೇಪ ಸಂದರ್ಶನದಲ್ಲಿ ಎದುರಾಗುತ್ತದೆ. ಆಗ ಸಹಜವಾಗಿ ತೆರೆದಿರುವ ಬಾಗಿಲುಗಳು ಇದೇ ಆಫ್‌ಶೋರ್ ವಕೀಲ ಸಂಸ್ಥೆಗಳ ಹಾಂಗ್‌ಕಾಂಗ್, ಸಿಂಗಪುರ, ದುಬೈ ಕಚೇರಿಗಳು, ಇಲ್ಲವೇ ನಿಧಿ ನಿರ್ವಹಣಾ ಕಂಪನಿಗಳ ಒಳಗಿನ ವಕೀಲ ಹುದ್ದೆಗಳು.

ಕೆಲಸದ ಸ್ವರೂಪವೂ ಬದಲಾಗುತ್ತಿದೆ. ಕಂಪನಿ ಹೆಸರಿಗಷ್ಟೇ ಅಲ್ಲದೆ ನಿಜವಾಗಿಯೂ ಅಲ್ಲಿ ವ್ಯವಹಾರ ನಡೆಸಬೇಕೆನ್ನುವ ಆರ್ಥಿಕ ಅಸ್ತಿತ್ವದ ಕಾನೂನುಗಳು 2019ರಲ್ಲಿ ಜಾರಿಗೆ ಬಂದವು. 2021ರ ಫೆಬ್ರವರಿಯಿಂದ 2023ರ ಅಕ್ಟೋಬರ್‌ವರೆಗೆ ಕೇಮನ್, ಅಕ್ರಮ ಹಣದ ಚಲಾವಣೆ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿ, ಅಂದರೆ ಹೆಚ್ಚಿನ ನಿಗಾದಲ್ಲಿರುವ ದೇಶಗಳ ಪಟ್ಟಿಯಲ್ಲಿ, ಇತ್ತು. ಹೀಗಾಗಿ ಕಂಪನಿಯ ನಿಜವಾದ ಮಾಲೀಕರು ಯಾರು, ಹಣದ ಮೂಲ ಯಾವುದು ಎಂದು ಕಕ್ಷಿದಾರರನ್ನು ಒತ್ತಿ ಕೇಳುವುದು ಈಗ ಕಿರಿಯ ವಕೀಲರ ಕೆಲಸದ ದೊಡ್ಡ ಭಾಗ. ಅದು ಬೇಸರದ ಕೆಲಸವೇ, ಆದರೆ ಬೇಡಿಕೆಯಿರುವ ಪರಿಣತಿಯೂ ಹೌದು. ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು, ಕಳೆದ ವರ್ಷ ನಿಮ್ಮ ಮಟ್ಟದ ವಕೀಲರು ಯಾವ ದಾಖಲೆಗಳ ಮೊದಲ ಕರಡನ್ನು ತಾವೇ ಬರೆದರು ಎಂದು ಕೇಳಿ.