ವಾಟರ್ ವಾಶ್‌ಗೆ ಬಿಟ್ಟ ಕಾರಿನ ಬಂಪರ್ ಬಣ್ಣ ಎದ್ದಿದೆ, ಅಂಗಡಿಯವರು ಒಪ್ಪುತ್ತಿಲ್ಲ. ಅನುಭವ ಇರುವವರು ಹೇಳಿ

ಕೆಂಪು ಹ್ಯಾಚ್‌ಬ್ಯಾಕ್, ಮೈಸೂರು
ನಾಲ್ಕು ವರ್ಷದ ಗಾಡಿ. ರಿಂಗ್ ರೋಡ್ ಬದಿಯ ವಾಶ್ ಸೆಂಟರ್‌ನಲ್ಲಿ ಫೋಮ್ ವಾಶ್, ಅಂಡರ್‌ಬಾಡಿ ಸೇರಿ 600 ರೂಪಾಯಿ, ಯುಪಿಐನಲ್ಲಿ ಕೊಟ್ಟಿದ್ದು, ಬಿಲ್ ಇಲ್ಲ. ವಾಪಸ್ ತಗೊಳ್ಳುವಾಗ ಹಿಂದಿನ ಬಂಪರ್‌ನ ಎಡ ಮೂಲೆಯಲ್ಲಿ ಅಂಗೈಯಗಲ ಬಣ್ಣ ಎದ್ದುಹೋಗಿದೆ, ಎಡ ಹಿಂಬಾಗಿಲ ಮೇಲೆ ಉದ್ದ ಗೀರು. "ಮೊದಲೇ ಇತ್ತು" ಅಂತಾರೆ. ಗೋಡೆ ಮೇಲೆ "ವಾಹನದ ಹಾನಿಗೆ ಮಾಲೀಕರೇ ಹೊಣೆ" ಅನ್ನೋ ಬೋರ್ಡ್ ತೋರಿಸ್ತಾರೆ. ಕೊನೆಗೆ 500 ವಾಪಸ್, ಜೊತೆಗೆ ಒಂದು ಪಾಲಿಶ್ ಅಂದಿದ್ದಾರೆ. ಇನ್ಶೂರೆನ್ಸ್ ಕ್ಲೇಮ್ ಮಾಡೋದಾ, ಗ್ರಾಹಕರ ಆಯೋಗಕ್ಕೆ ಹೋಗೋದಾ, 500 ತಗೊಂಡು ಸುಮ್ಮನಿರೋದಾ?

ಪೇಂಟ್ ಬೂತ್, ಹಾಸನ
ಎದ್ದ ಬಣ್ಣದ ಸಿಪ್ಪೆ ಸಿಕ್ಕಿದರೆ ಮೊದಲು ಎತ್ತಿಡಿ. ಮೂಲೆಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿರುವ ತುಣುಕಾದರೂ ಸಾಕು. ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕಂಪನಿ ಬಣ್ಣವಾದರೆ ತಳದಲ್ಲಿ ಬಣ್ಣ ಹಿಡಿಸುವ ತೆಳು ಪ್ರೈಮರ್, ಒಂದು ಬೇಸ್ ಕೋಟ್ ಅಂದರೆ ಬಣ್ಣದ ಪದರ, ಮೇಲೆ ಪಾರದರ್ಶಕ ಕ್ಲಿಯರ್ ಪದರ, ಅಷ್ಟೇ. ನಡುವೆ ಇನ್ನೊಂದು ಕೆಂಪು ಪದರವೋ, ಮೇಲ್ಮೈ ಸಮ ಮಾಡುವ ದಪ್ಪ ಬೂದು ಸರ್ಫೇಸರೋ, ತಗ್ಗು ತುಂಬುವ ಪುಟ್ಟಿಯೋ ಕಂಡರೆ ಆ ಬಂಪರ್‌ಗೆ ಒಮ್ಮೆ ಬಣ್ಣ ಹೊಡೆದಾಗಿದೆ. ನೀವು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಇದು ನಿಮಗೆ ಗೊತ್ತೇ ಇರೋಲ್ಲ.

ಬಂಪರ್ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್. ಅದರ ಮೇಲೆ ಬಣ್ಣ ತಾನಾಗಿ ಹಿಡಿಯೋಲ್ಲ. ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು. ರಸ್ತೆಬದಿ ಶೆಡ್‌ಗಳಲ್ಲಿ ಮುನ್ನೂರು ರೂಪಾಯಿ ಉಳಿಸೋಕೆ ಅದನ್ನೇ ಬಿಡ್ತಾರೆ. ಅಂಥ ಬಣ್ಣ ವರ್ಷಗಟ್ಟಲೆ ಚೆನ್ನಾಗಿಯೇ ಕಾಣ್ತದೆ, ಪ್ರೆಶರ್ ಗನ್ ಅಂಚಿಗೆ ಬಿದ್ದ ದಿನ ಹಾಳೆಹಾಳೆಯಾಗಿ ಏಳ್ತದೆ. ಕೆಳಗೆ ಕಪ್ಪು ಪ್ಲಾಸ್ಟಿಕ್ ನುಣ್ಣಗೆ ಕಂಡರೆ ಇದೇ ಕಾರಣ. ಕ್ಲಿಯರ್ ಮಾತ್ರ ಹೋಗಿ ಕೆಂಪು ಮಂಕಾಗಿ ಉಳಿದಿದ್ದರೆ ಅದು ಬಿಸಿಲಿಗೆ ಸತ್ತ ಕ್ಲಿಯರ್. ಕಲ್ಲೇಟಿನ ಚುಕ್ಕೆಯಿಂದ ಶುರುವಾಗಿ ಕಮಾನಿನ ಥರ ಎದ್ದಿದ್ದರೆ ಗನ್ನನ್ನು ತೀರಾ ಹತ್ತಿರ ಹಿಡಿದಿದ್ದಾರೆ.

ನಾವು ಕೊಡುವ ಲೆಕ್ಕ: ಬಿಚ್ಚಿ ಕೂರಿಸೋಕೆ 650, ಉಜ್ಜಿ ಪ್ಲಾಸ್ಟಿಕ್ ಪ್ರೈಮರ್ 500, ಬೇಸ್ 850, ಕ್ಲಿಯರ್ ಮತ್ತು ಹಾರ್ಡನರ್ 700, ಕೂಲಿ 800. ಒಟ್ಟು 3,500. ಕಡಿಮೆಗೆ ಮಾಡ್ತೀನಿ ಅನ್ನುವವನು ಇದರಲ್ಲಿ ಯಾವುದನ್ನು ಬಿಡ್ತಾನೆ ಅಂತ ಕೇಳಿ.

ಡಿಟೇಲಿಂಗ್, ಬೆಂಗಳೂರು
ಸಿಪ್ಪೆ ಗಿಪ್ಪೆ ಯಾಕೆ, ಬಣ್ಣದ ದಪ್ಪ ಅಳೆಯೋ ಪೇಂಟ್ ಗೇಜ್ ಇಟ್ಟರೆ ಆಯ್ತು. ಕಂಪನಿ ಬಣ್ಣ ಸಾಮಾನ್ಯವಾಗಿ 80ರಿಂದ 140 ಮೈಕ್ರಾನ್. ರಿಪೇಂಟ್ ಆಗಿದ್ದರೆ 200 ದಾಟುತ್ತೆ, ಪುಟ್ಟಿ ಇದ್ದರೆ ಇನ್ನೂ ಮೇಲೆ.

ಪೇಂಟ್ ಬೂತ್, ಹಾಸನ
ಬಾಸ್, ಬಂಪರ್ ಪ್ಲಾಸ್ಟಿಕ್. ನಿಮ್ಮ ಗೇಜ್ ಕಬ್ಬಿಣ, ಅಲ್ಯೂಮಿನಿಯಂ ಮೇಲೆ ಮಾತ್ರ ಓದುತ್ತೆ. ಪ್ಲಾಸ್ಟಿಕ್‌ಗೆ ಅಲ್ಟ್ರಾಸಾನಿಕ್ ಬೇಕು, ಅದು ನಿಮ್ಮ ಅಂಗಡಿಯಲ್ಲೂ ಇರಲಿಕ್ಕಿಲ್ಲ. ಬಾಗಿಲಿಗೆ ಇಡಿ, ಅಲ್ಲಿ ಉಪಯೋಗ ಇದೆ.

ಆಯೋಗಕ್ಕೆ ಹೋದವ, ಹುಬ್ಬಳ್ಳಿ
500 ತಗೋಬ್ಯಾಡ್ರಿ. ತಗೊಂಡು "ತಕರಾರಿಲ್ಲ" ಅಂತ ಸಹಿ ಹಾಕಿದ್ರೆ ಕಥಿ ಅಲ್ಲಿಗೇ ಮುಗೀತು. ನಮ್ದು ಎಂಜಿನ್ ತೊಳೆದ ಕೇಸು. ಸ್ಪಾರ್ಕ್ ಪ್ಲಗ್ ಕುಳಿಯೊಳಗ ನೀರು ನಿಂತು, ಪ್ಲಗ್‌ಗೆ ಕರೆಂಟ್ ಕೊಡೋ ಎರಡು ಇಗ್ನಿಷನ್ ಕಾಯಿಲ್ ಹೋದವು. ಕಾಯಿಲ್ 2,350ರಂಗ ಎರಡು, ನಾಲ್ಕು ಪ್ಲಗ್ 1,120, ಟೋಯಿಂಗ್ 1,800, ಸ್ಕ್ಯಾನಿಂಗ್ 800. ಒಟ್ಟು 8,420. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಬರೆಸ್ರಿ. ಆಮೇಲೆ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಾಗ ನೋಟಿಸ್ ಕಳಸ್ರಿ. ಅದರಾಗ ಸಿಸಿಟಿವಿ ದೃಶ್ಯ ಅಳಿಸಬ್ಯಾಡ್ರಿ ಅಂತ ದಿನಾಂಕ, ವೇಳೆ ಹಾಕಿ ಬರೀರಿ. ಹಾರ್ಡ್ ಡಿಸ್ಕ್ ತುಂಬಿದ ಮ್ಯಾಲೆ ಹಳೇದರ ಮ್ಯಾಲೇ ಹೊಸದು ಬರೀತದ, ಹಿಂಗಾಗಿ ನೋಟಿಸ್ ಇವತ್ತೇ ಹೋಗಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗ ನೀವು ಇರೋ ಜಿಲ್ಲೆಯೊಳಗೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗ ಇದ್ರ ಶುಲ್ಕ ಇಲ್ಲ. ಅವಧಿ ಎರಡು ವರ್ಷ. ವಕೀಲರು ಇಲ್ಲದನೂ ನಡೀತದ. ಎದುರಿನವ 30 ದಿನದಾಗ ಉತ್ತರ ಕೊಡಬೇಕು, ಇನ್ನ 15 ದಿನ ಹೆಚ್ಚಿಗಿ ಸಿಗಬಹುದು, 45 ದಾಟಿದ್ರ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಾಗ ಅದನ್ನ ಖಚಿತ ಮಾಡೇತಿ. ಆದೇಶ ಬಂದ ಮ್ಯಾಲೂ ರೊಕ್ಕ ಕೊಡದಿದ್ರ 72ನೇ ಕಲಮಿನ ಅಡಿ ಅರ್ಜಿ ಹಾಕ್ರಿ. ಒಂದು ತಿಂಗಳಿಂದ ಮೂರು ವರ್ಷ ಜೈಲು, ಇಲ್ಲಾ ಕನಿಷ್ಠ 25 ಸಾವಿರ ದಂಡ, ಇಲ್ಲಾ ಎರಡೂ. ನಮಗ ಆ ಅರ್ಜಿ ಹಾಕಿದ ಮ್ಯಾಲೇ ಚೆಕ್ ಬಂತು.

ವಾಶ್ ಸೆಂಟರ್ ನಡೆಸುವವ, ತುಮಕೂರು
ಎಲ್ಲರೂ ಅಂಗಡಿಯವನನ್ನೇ ಕಳ್ಳ ಮಾಡ್ತಿದೀರಿ. ಧೂಳು ಹಿಡಿದ ಗಾಡಿಯಲ್ಲಿ ಗೀರು ಕಾಣೋಲ್ಲ, ತೊಳೆದ ಮೇಲೇ ಕಾಣೋದು. ತೊಳೆದವನ ತಲೆಗೇ ಕಟ್ತಾರೆ. ನಮ್ಮಲ್ಲಿ ನೀರು ಬಿಡೋ ಮುಂಚೆ ಗಾಡಿ ಸುತ್ತ ಒಂದು ವಿಡಿಯೊ, ನಾಲ್ಕು ಮೂಲೆಗೆ ನಾಲ್ಕು ಫೋಟೊ, ಕಾರ್ಡ್ ಮೇಲೆ ಮಾಲೀಕರ ಸಹಿ. ಪಂಪು 110 ಬಾರ್, ಗಾಡಿಯ ಮೈಗೆ ನೀರು ಅಗಲವಾಗಿ ಹರಡೋ 40 ಡಿಗ್ರಿಯ ಬಿಳಿ ನಾಝಲ್, ಚಕ್ರಕ್ಕೆ 25ರ ಹಸಿರು, ದೂರ ಒಂದಡಿ. ಆ ದೂರದಲ್ಲಿ ಗಟ್ಟಿ ಇರೋ ಬಣ್ಣ ಏಳೋದಿಲ್ಲ, ಎದ್ದರೆ ಬಣ್ಣವೇ ಸರಿ ಇರಲಿಲ್ಲ. ಈ ರೇಟಿಗೆ ಎರಡು ಹುಡುಗರ ಕೂಲಿ, ಶಾಂಪೂ, ಕರೆಂಟು, ಬೋರ್‌ವೆಲ್ ಮೋಟರು ಎಲ್ಲ ಆಗಬೇಕು. ಬಂಪರ್‌ಗೂ ಗ್ಯಾರಂಟಿ ಕೊಡಬೇಕಾ?

ಡಿಟೇಲಿಂಗ್, ಬೆಂಗಳೂರು
ಒಂದಡಿ ಅಂತ ಬೋರ್ಡ್ ಮೇಲೆ ಬರೆಯೋದು ಸುಲಭ, ಸಾರ್. ಒಣಗಿದ ಕೆಸರು ಬೇಗ ಹೋಗಲಿ ಅಂತ ಹುಡುಗರು ಟರ್ಬೊ ನಾಝಲ್ ಹಾಕಿ ಒಂದು ಗೇಣಿಗೆ ತರೋದನ್ನ ಯಾವ ಸೆಂಟರ್‌ನಲ್ಲಿ ಬೇಕಾದರೂ ನೋಡಬಹುದು. ಟರ್ಬೊ ಅಂದರೆ ಸೊನ್ನೆ ಡಿಗ್ರಿಯ ಧಾರೆ ಗಿರಗಿರ ಸುತ್ತೋದು. ಕಲ್ಲೇಟು ಇರೋ ಕಡೆ ಬಿದ್ದರೆ ಕಂಪನಿ ಬಣ್ಣವನ್ನೂ ಎಬ್ಬಿಸುತ್ತೆ. ಇನ್ನು ಗೀರು: ನೆಲಕ್ಕೆ ಬಿದ್ದ ಬಟ್ಟೆಯನ್ನ ಹಾಗೇ ಎತ್ತಿ ಬಾಗಿಲು ಒರೆಸಿದರೆ ಬರೋದು ಅದೇ. ಒಂದೇ ಬಕೆಟ್, ತಳದಲ್ಲಿ ಮರಳು.

ವಾಶ್ ಸೆಂಟರ್ ನಡೆಸುವವ, ತುಮಕೂರು
ನೀವು ಒಂದು ವಾಶ್‌ಗೆ ಸಾವಿರಗಟ್ಟಲೆ ತಗೊಂಡು ಎರಡು ಬಕೆಟ್ ಇಡ್ತೀರಿ. ನಮ್ಮ ಗಿರಾಕಿ ಆಟೊ, ಟಾಟಾ ಏಸ್, ರೈತರ ಬೊಲೆರೊ. ನಮಗೆ ಬುದ್ಧಿ ಹೇಳಬೇಡಿ.

ಪಾಲಿಸಿ ಲೆಕ್ಕ, ದಾವಣಗೆರೆ
ಇನ್ಶೂರೆನ್ಸ್ ಕಡೆ ಹೋಗುವ ಮುಂಚೆ ಈ ಲೆಕ್ಕ ನೋಡಿ. ಸ್ವಂತ ಹಾನಿಯ ಪ್ರೀಮಿಯಂ 8,000, ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 35 ಶೇಕಡಾ ಅಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 45, ಆಮೇಲೆ 50ಕ್ಕೆ ನಿಲ್ಲುತ್ತೆ. ಮಾಡಿದರೆ ಸೊನ್ನೆಗೆ ಬಿದ್ದು ಆಮೇಲೆ 20, 25, 35, 45 ಅಂತ ಹತ್ತಬೇಕು. ಎರಡು ದಾರಿಯ ರಿಯಾಯಿತಿಯ ವ್ಯತ್ಯಾಸ ಲೆಕ್ಕ ಹಾಕಿದರೆ ವರ್ಷವರ್ಷದ ನಷ್ಟ 3,600, 2,400, 2,000, 1,200, 400. ಒಟ್ಟು 9,600. ಅದರ ಮೇಲೆ 1,500 ಸಿಸಿವರೆಗಿನ ಗಾಡಿಗೆ ಕಡ್ಡಾಯ ಕಡಿತ 1,000, ಝೀರೊ ಡೆಪ್ (ಬಿಡಿಭಾಗಗಳ ಸವಕಳಿ ಕಡಿತ ಮಾಡದ ಪಾಲಿಸಿ) ಇದ್ದರೂ ಇದು ಕೈಯಿಂದಲೇ. ಸರ್ವಿಸ್ ಸೆಂಟರ್‌ನಲ್ಲಿ ಬಂಪರ್ ಬಣ್ಣ 5,200 ಅಂದರೆ ಜಿಎಸ್‌ಟಿ ಸೇರಿ 6,136. ಅದಕ್ಕೋಸ್ಕರ 9,600 ಕಳ್ಕೊಳ್ತೀರಾ? ಬೋನಸ್ ರಕ್ಷಣೆಯ ಆಡ್-ಆನ್ ಇದ್ದರೆ ಮಾತ್ರ ಬೇರೆ ಮಾತು. ಬಣ್ಣ ಹಿಡಿಯದೆ ಎದ್ದಿದೆ ಅಂತ ಹಾನಿ ನೋಡಲು ಬರುವ ಇನ್ಶೂರೆನ್ಸ್ ಸರ್ವೇಯರ್ ಬರೆದರೆ ಅದು ಸವಕಳಿ ಲೆಕ್ಕ, ಕ್ಲೇಮೇ ಸಿಗೋಲ್ಲ.

ಕಾನೂನು ಓದಿದವಳು, ಶಿವಮೊಗ್ಗ
ಬೋರ್ಡ್ ವಿಷಯ ಯಾರೂ ಹೇಳಲಿಲ್ಲ. ಗಾಡಿ, ಕೀಲಿ ಒಪ್ಪಿಸಿ ಹೋದ ಮೇಲೆ ಅದು 1872ರ ಕರಾರು ಕಾಯ್ದೆಯ 148ನೇ ಕಲಮಿನ ಉಪನಿಧಿ (ಬೈಲ್‌ಮೆಂಟ್), ಅಂದರೆ ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಅಂತ ವಸ್ತು ಒಪ್ಪಿಸೋದು. ಸಾಮಾನ್ಯ ವಿವೇಕ ಇರುವ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಬೇಕು ಅನ್ನೋದು 151. ದೆಹಲಿಯ ಹೋಟೆಲೊಂದರಲ್ಲಿ ವ್ಯಾಲೆಗೆ (ಕಾರು ಪಾರ್ಕ್ ಮಾಡಿಕೊಡುವ ಸಿಬ್ಬಂದಿಗೆ) ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ "ಮಾಲೀಕರ ಹೊಣೆ" ಅಂತ ಚೀಟಿಯಲ್ಲಿ ಅಚ್ಚಾಗಿತ್ತು. ಸ್ವಂತ ನಿರ್ಲಕ್ಷ್ಯಕ್ಕೆ ಅದು ರಕ್ಷೆ ಆಗಲ್ಲ, ಎಚ್ಚರ ವಹಿಸಿದ್ದೇವೆ ಅಂತ ತೋರಿಸಬೇಕಾದವರು ಹೋಟೆಲಿನವರೇ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಒಂದು ಮಾತು: ಗಾಡಿ ಒಪ್ಪಿಸುವಾಗ ಬಂಪರ್ ಸರಿ ಇತ್ತು ಅನ್ನೋದನ್ನ ಮೊದಲು ತೋರಿಸಬೇಕಾದವರು ನೀವು. ಹಿಂದಿನ ವಾರದ ಫೋಟೊ, ಅಪಾರ್ಟ್‌ಮೆಂಟ್ ಗೇಟಿನ ಕ್ಯಾಮೆರಾ, ಏನಾದರೂ ಹುಡುಕಿ. ಬಿಲ್ ಇಲ್ಲದಿದ್ದರೂ ಯುಪಿಐ ದಾಖಲೆ ಸಾಕು.

ಕೆಂಪು ಹ್ಯಾಚ್‌ಬ್ಯಾಕ್, ಮೈಸೂರು
ಕೆಳಗೆ ಕಪ್ಪು ಪ್ಲಾಸ್ಟಿಕ್ ನುಣ್ಣಗಿದೆ. ಗಾಡಿ ಮೊದಲಿಂದ ನನ್ನದೇ, ಯಾವತ್ತೂ ಬಣ್ಣ ಹೊಡೆಸಿಲ್ಲ.

ಪೇಂಟ್ ಬೂತ್, ಹಾಸನ
ಡೆಲಿವರಿಗೆ ಮುಂಚೆ ಡೀಲರ್ ಯಾರ್ಡ್‌ನಲ್ಲಿ ತಾಗಿಸಿಕೊಂಡು ಬಣ್ಣ ಹೊಡೆದು ಕೊಡೋದೂ ಉಂಟು. ಬಂಪರ್ ಒಳಮಗ್ಗುಲು, ಟೈಲ್ ಲ್ಯಾಂಪ್ ಬಿಚ್ಚಿದ ಜಾಗ ನೋಡಿ. ಟೇಪಿನ ಗೆರೆ, ಕೆಂಪು ಹೊಗೆ ಹಾರಿದ ಗುರುತು ಇದ್ದರೆ ಅಲ್ಲಿ ಗೊತ್ತಾಗುತ್ತೆ.

ವಾಶ್ ಸೆಂಟರ್ ನಡೆಸುವವ, ತುಮಕೂರು
ನೋಡಿ, ನಾನು ಹೇಳಿದ್ದೇ ಆಯ್ತು.

ಡಿಟೇಲಿಂಗ್, ಬೆಂಗಳೂರು
ಏನೂ ಆಗಲಿಲ್ಲ, ಬಾಗಿಲ ಗೀರು ಇನ್ನೂ ಇದೆ. ಉಗುರು ಅಡ್ಡ ಎಳೆಯಿರಿ. ಸಿಕ್ಕಿಕೊಂಡರೆ ಪಾಲಿಶ್‌ಗೆ ಹೋಗಲ್ಲ. ಬಾಗಿಲು ಕಬ್ಬಿಣ. ತಗಡಿನವರೆಗೆ ಇಳಿದ ಗೀರು ಹಳೆಯದಾದರೆ ಒಳಗೆ ತುಕ್ಕಿನ ಕಂದು ಬಣ್ಣವೋ, ಹಳೇ ಪಾಲಿಶ್‌ನ ಬಿಳಿಯೋ ಇರುತ್ತೆ. ಒಳಗೆ ಹೊಳೆಯುತ್ತಿದ್ದರೆ ಹೊಸದು. ಇವತ್ತೇ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆಯಿರಿ, ಮಳೆಗಾಲದಲ್ಲಿ ತುಕ್ಕು ಬರೋಕೆ ತುಂಬಾ ದಿನ ಬೇಡ. ಅವರು ಕೊಡ್ತೀನಿ ಅಂದ ಪಾಲಿಶ್ ಮಾತ್ರ ಮಾಡಿಸಬೇಡಿ, ಸಾಕ್ಷಿನೇ ಅಳಿಸಿಹೋಗುತ್ತೆ. ಕ್ಲಿಯರ್ ಇರೋದೇ 35ರಿಂದ 50 ಮೈಕ್ರಾನ್, ಅದೂ ಸವೆಯುತ್ತೆ.

ಕಡಲ ಗಾಳಿ, ಮಂಗಳೂರು
ಬಣ್ಣದ್ದೇ ಚರ್ಚೆ ಆಯ್ತಲ್ಲ ಮಾರಾಯ್ರೆ, ಅಂಡರ್‌ಬಾಡಿಗೆ ಏನು ಹೊಡೆದಿದ್ದಾರೆ ಅಂತ ಕೇಳಿದ್ರಾ? ತೊಳೆದ ಮೇಲೆ ಡೀಸೆಲ್ ಸ್ಪ್ರೇ ಮಾಡಿ ಹೊಳಪು ಬರಿಸ್ತಾರೆ. ಅದು ಗಾಡಿಯ ಅಡಿ ಕೀಲುಗಳಲ್ಲಿರುವ ಬುಷ್‌ನ ರಬ್ಬರ್ ಉಬ್ಬಿಸಿ ಮೆತ್ತಗೆ ಮಾಡ್ತದೆ, ಆಮೇಲೆ ಅದರ ಮೇಲೆ ಧೂಳು ಮೆತ್ತಿ ಕೂತ್ಕೊಳ್ತದೆ.

ವಾಶ್ ಸೆಂಟರ್ ನಡೆಸುವವ, ತುಮಕೂರು
ಗಿರಾಕಿನೇ ಕೇಳಿ ಹೊಡೆಸ್ತಾರೆ. ತುಕ್ಕು ಹಿಡಿಯಲ್ಲ ಅಂತ.

ಕಡಲ ಗಾಳಿ, ಮಂಗಳೂರು
ತುಕ್ಕಿಗೆ ಮೇಣದ ಕೋಟಿಂಗ್ ಉಂಟು. ಡೀಸೆಲ್ ಒಂದು ಮಳೆಗೆ ತೊಳೆದು ಹೋಗ್ತದೆ, ರಬ್ಬರ್ ಹಾಳಾದದ್ದು ಮಾತ್ರ ಉಳೀತದೆ. ಗೊತ್ತಿದ್ದೂ ಹೊಡೀತೀರಿ ಅಂದ್ರೆ ತಪ್ಪು ಗಿರಾಕಿದಲ್ಲ.

ಡಿಟೇಲಿಂಗ್, ಬೆಂಗಳೂರು
ಬೋರ್‌ವೆಲ್ ಅಂದ್ರಲ್ಲ, ಅದರ ನೀರಿನ ಗಡಸುತನ, ಅಂದರೆ ಸುಣ್ಣದಂಶ ಅಳೆಸಿದೀರಾ? ಇಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದರೆ 5,000 ದಂಡ ಅಂತ ಆದೇಶ ಮಾಡಿತು, ಎಲ್ಲರೂ ಬೋರ್, ಟ್ಯಾಂಕರ್ ಕಡೆ ಹೋದರು. ಬಿಸಿಲಲ್ಲಿ ಒಣಗೋಕೆ ಬಿಟ್ಟರೆ ಸುಣ್ಣದ ಕಲೆ ಕ್ಲಿಯರ್‌ನಲ್ಲೇ ಕೂರುತ್ತೆ.

ವಾಶ್ ಸೆಂಟರ್ ನಡೆಸುವವ, ತುಮಕೂರು
ಗಡಸುತನ ತೆಗೆಯೋ ಸಾಫ್ಟ್‌ನರ್ ಹಾಕಿದೀವಿ. ಉಪ್ಪು ಹಾಕಿ ರೀಜನರೇಟ್ ಮಾಡಿದ ತಾರೀಖು ಗೋಡೆ ಮೇಲಿದೆ. ಬಂದು ನೋಡಿ, ಆಮೇಲೆ ಮಾತಾಡಿ.

ಆಯೋಗಕ್ಕೆ ಹೋದವ, ಹುಬ್ಬಳ್ಳಿ
ನಿಮ್ಮ ಸಾಫ್ಟ್‌ನರ್ ಜಗಳ ಆಮೇಲೆ ಮಾಡ್ಕೋರ್ರಿ. ಮೈಸೂರಿನವರ, ಬಂಪರ್, ಬಾಗಿಲು ಎರಡಕ್ಕೂ ಬೇರೆ ಬೇರೆ ಎಸ್ಟಿಮೇಟ್ ಬರೆಸ್ಕೋರಿ. ಒಂದೇ ಚೀಟಿಯೊಳಗ ಹಾಕಿದ್ರ, ಬಂಪರ್ ಬಣ್ಣ ಮೊದಲೇ ಕೆಟ್ಟಿತ್ತು ಅಂತ ಅವರು ತೋರಿಸಿದ ಕೂಡ್ಲೇ ಬಾಗಿಲಿನ ರೊಕ್ಕಕ್ಕೂ ತಕರಾರು ತೆಗೀತಾರ.