ಆಪರೇಷನ್ ಅಂತ ಅವ್ವನಿಗೆ ಹೇಳಿಲ್ಲ: ಅರಿವಳಿಕೆ ಡಾಕ್ಟರಿಗೆ ಪ್ರಶ್ನೆಗಳು

(ಮಂಡ್ಯದ ನಮ್ಮ ಗುಂಪಿನಲ್ಲಿ ಭಾನುವಾರ ನಡೆದದ್ದು. ವಿಷಯ: ಆಪರೇಷನ್‌ಗೆ ಮೊದಲು ಮನಸ್ಸಿನ ತಯಾರಿ.)

ಮಂಜು, ಪಾಂಡವಪುರ: ಮೇಡಂ, ನಮ್ಮವ್ವನಿಗೆ 58. ಪಿತ್ತಕೋಶದಲ್ಲಿ ಕಲ್ಲು, ಗುರುವಾರ ಆಪರೇಷನ್. ಹೆದರುತ್ತಾಳೆ ಅಂತ ಹೇಳಿಲ್ಲ, ಸ್ಕ್ಯಾನಿಂಗ್‌ಗೆ ಮೈಸೂರಿಗೆ ಹೋಗೋಣ ಅಂದಿದ್ದೇವೆ. ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಏನು ಮಾಡೋದು?

ರೂಪಾ, ಮದ್ದೂರು: ಆಪರೇಷನ್ ದಿನ ಬೆಳಿಗ್ಗೆ ಕಾಫಿ ಕುಡಿಯಬಹುದಾ ಮೇಡಂ?

ಕುಮಾರ್: ಯಶಸ್ವಿನಿ ಕಾರ್ಡಲ್ಲಿ ಹರ್ನಿಯಾ ಆಗುತ್ತಾ?

ಡಾಕ್ಟರ್ ಮೇಡಂ: ರೂಪಾ, ಹಾಲು ಹಾಕಿದ್ದು ಬೇಡ. ಸಾಮಾನ್ಯವಾಗಿ ಲಘು ಊಟಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಇರಬೇಕು. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅದೇ ಸರಿ.

ಮಂಜು, ಒಪ್ಪಿಗೆ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಹಾಕಬೇಕಾದವರು ನಿಮ್ಮವ್ವ, ನೀವಲ್ಲ. ಥಿಯೇಟರ್ ಬಾಗಿಲಲ್ಲಿ ಗೊತ್ತಾದರೆ ಬಿಪಿ ಏರುತ್ತೆ, ಆಪರೇಷನ್ನೇ ಮುಂದಕ್ಕೆ ಹೋಗಬಹುದು. 1964ರಲ್ಲಿ ಅಮೆರಿಕದಲ್ಲಿ ಹೊಟ್ಟೆ ಆಪರೇಷನ್‌ನ 97 ಜನರನ್ನು ನೋಡಿದ ಒಂದು ಅಧ್ಯಯನ ಬಂತು. ಅವರಲ್ಲಿ ಕೆಲವರ ಹತ್ತಿರ ಅರಿವಳಿಕೆ ಡಾಕ್ಟರ್ ಮೊದಲೇ ಕೂತು, ನೋವು ಎಲ್ಲಿ ಬರುತ್ತೆ, ಹೇಗೆ ಮಗ್ಗುಲಾಗಬೇಕು, ಹೇಗೆ ಉಸಿರೆಳೆಯಬೇಕು ಅಂತ ಹೇಳಿಕೊಟ್ಟಿದ್ದರು. ಅವರಿಗೆ ಮಾರ್ಫಿನ್ ಥರದ ನೋವಿನ ಔಷಧಿ ಉಳಿದವರಿಗಿಂತ ಸುಮಾರು ಅರ್ಧ ಸಾಕಾಯಿತು, ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಈಗ ಲೆಕ್ಕ ಅಷ್ಟು ದೊಡ್ಡದಿಲ್ಲ. 2016ರಲ್ಲಿ 105 ಅಧ್ಯಯನ ಒಟ್ಟು ಹಾಕಿದಾಗ ಉಳಿದದ್ದು ಸುಮಾರು ಅರ್ಧ ದಿನ, ಅದೂ ಗಟ್ಟಿ ಪುರಾವೆ ಅಲ್ಲ. ಆದರೂ ನಾನು ಕೂತು ಮಾತಾಡುತ್ತೇನೆ.

ಹೋದ ವರ್ಷ ಒಬ್ಬರು ಅಜ್ಜಿ ಬಂದಿದ್ದರು, ಏನು ಹೇಳಿದರೂ ಕೈ ನಡುಕ ನಿಲ್ಲಲಿಲ್ಲ. ಯಾವುದಕ್ಕೆ ಭಯ ಅಂತ ಕೇಳಿದೆ. ಸಾವಿಗಲ್ಲ, ನೋವಿಗಲ್ಲ, ಒಳಗೆ ಹೋದರೆ ತಾಳಿ ಬಿಚ್ಚಿಸ್ತಾರಲ್ಲಾ ಅಂತ! ಸರ ಮಗಳ ಕೈಗೆ ಕೊಡಿಸಿ, ಅರಿಶಿನದ ಕೊಂಬು ಕಟ್ಟಿದ ದಾರ ಕೊರಳಿಗೆ ಹಾಕಿಸಿದೆವು. ನಡುಕ ಅಲ್ಲಿಗೇ ನಿಂತಿತು. ಮನೆಯವರು ಹದಿನೈದು ದಿನ ‘ಧೈರ್ಯವಾಗಿರು’ ಅಂದಿದ್ದರು ಅಷ್ಟೇ, ಯಾರೂ ಕೇಳಿರಲಿಲ್ಲ.

ಇವತ್ತೇ ಹೇಳಿ. ನೋವೇ ಇರಲ್ಲ ಅಂತ ಸುಳ್ಳು ಬೇಡ. ಎದ್ದಾಗ ಗಂಟಲು ಕೆರೆಯಬಹುದು, ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಭುಜ ನೋಯಬಹುದು ಅಂತ ಹೇಳಿ. ಗೊತ್ತಿಲ್ಲದವರು ಭುಜ ಹಿಡಿದುಕೊಂಡು ಹಾರ್ಟ್ ಅಟ್ಯಾಕ್ ಅಂತ ಗಾಬರಿ ಬೀಳುತ್ತಾರೆ. ಆಮೇಲೆ, ಊಟ ಬಿಟ್ಟಿದ್ದು ಬರೀ ಭಯಕ್ಕೆ ಅಂದುಕೊಳ್ಳಬೇಡಿ. ಜ್ವರ, ಜೋರು ಹೊಟ್ಟೆನೋವು, ಕಣ್ಣು ಹಳದಿ ಇದ್ದರೆ ಗುರುವಾರದವರೆಗೆ ಕಾಯದೆ ಈಗಲೇ ಆಸ್ಪತ್ರೆಗೆ ಫೋನ್ ಮಾಡಿ.

ನಾಗರಾಜ್: ಫಾರ್ವರ್ಡ್: ಆಪರೇಷನ್‌ಗೆ ಮೊದಲು 7 ದಿನ ಬೆಳ್ಳುಳ್ಳಿ ರಸ ಕುಡಿದರೆ ರಕ್ತ ತೆಳುವಾಗಿ ಗಾಯ ಬೇಗ ಮಾಯುತ್ತೆ, ಭಯವೂ ಹೋಗುತ್ತೆ 🙏

ಡಾಕ್ಟರ್ ಮೇಡಂ: ನಾಗರಾಜ್, ರಕ್ತ ತೆಳುವಾದರೆ ಥಿಯೇಟರಲ್ಲಿ ಅದನ್ನು ನಿಲ್ಲಿಸಬೇಕಾದವರು ನಾವು. ಸಾರಿಗೆ ಹಾಕೋ ಬೆಳ್ಳುಳ್ಳಿ ಪರವಾಗಿಲ್ಲ. ರಸ, ಮಾತ್ರೆ, ಕಷಾಯ ಏನೇ ತಗೊಂಡಿದ್ದರೂ ಡಾಕ್ಟರಿಗೆ ಹೇಳಬೇಕು. ಆಸ್ಪಿರಿನ್ ಕೂಡ ನೀವಾಗೇ ನಿಲ್ಲಿಸಬೇಡಿ. ಈ ಮೆಸೇಜ್ ಅಳಿಸಿ.

ನಾಗರಾಜ್: ಒಳ್ಳೇದಕ್ಕೆ ಹಾಕಿದ್ದು ಮೇಡಂ.

ಪುಟ್ಟಸ್ವಾಮಿ, ಕೆ.ಆರ್. ಪೇಟೆ: ಮಂಜು, ಹೇಳಬೇಡ ಕಣಪ್ಪ. ಹಳ್ಳಿ ಹೆಂಗಸಿಗೆ ಇದೆಲ್ಲ ಹೇಳಿದರೆ ಅಲ್ಲೇ ಬಿಪಿ ಏರುತ್ತೆ.

ಶೈಲಜಾ, ಮೈಸೂರು: ಹಳ್ಳಿ ಹೆಂಗಸು ಅಂದರೆ ಏನರ್ಥ ಸರ್? ಹೊಟ್ಟೆ ಅವರದ್ದು ತಾನೇ?

ಪುಟ್ಟಸ್ವಾಮಿ: ಮೈಸೂರಿನವರು ಬಹಳ ಬುದ್ಧಿವಂತರು ಬಿಡಿ. ನಮ್ಮಪ್ಪನಿಗೆ ಹೇಳಿದ್ದಕ್ಕೆ ರಾತ್ರೋರಾತ್ರಿ ಆಸ್ಪತ್ರೆಯಿಂದ ಎದ್ದು ಬಸ್ ಹತ್ತಿ ಮನೆಗೆ ಬಂದುಬಿಟ್ಟರು.

ಶೈಲಜಾ: ಯಾವಾಗ ಹೇಳಿದ್ದು?

ಪುಟ್ಟಸ್ವಾಮಿ: ಹಿಂದಿನ ರಾತ್ರಿ.

ಶೈಲಜಾ: 😂

ಪುಟ್ಟಸ್ವಾಮಿ: ನಗೋಕೆ ಏನಿದೆ ಇದರಲ್ಲಿ? ಹಿರಿಯರ ಜೊತೆ ಮಾತಾಡೋದು ಕಲಿಯಮ್ಮ ಮೊದಲು.

ಲೋಕೇಶ್: ಮೇಡಂ, ಬೆಳಿಗ್ಗೆ ಟೀ?

ಡಾಕ್ಟರ್ ಮೇಡಂ: ಮೇಲೆ ಓದಿ.

ಮಂಜು: ಮೇಡಂ, ಜ್ವರ ಇಲ್ಲ, ಕಣ್ಣೂ ಸರಿ ಇದೆ. ಅಣ್ಣ ಹೇಳಬೇಡ ಅಂತಾನೆ. ನೀವೇ ಫೋನಲ್ಲಿ ಹೇಳ್ತೀರಾ?

ಡಾಕ್ಟರ್ ಮೇಡಂ: ನಾನು ಅವರನ್ನು ನೋಡಿಲ್ಲ, ಹೇಳೋದು ಸರಿಯಲ್ಲ. ಬುಧವಾರ ನಿಮ್ಮ ಆಸ್ಪತ್ರೆಯ ಅರಿವಳಿಕೆ ಡಾಕ್ಟರನ್ನು ಅವ್ವನ ಜೊತೆಗೇ ನೋಡಿ. ಅಣ್ಣನನ್ನೂ ಕರೆದುಕೊಂಡು ಹೋಗಿ. ಆದರೆ ಮನೆಯಲ್ಲಿ ಇವತ್ತೇ ಹೇಳಿರಬೇಕು.

ಸವಿತಾ: ಲೋಕೇಶಣ್ಣ, ಟೀನೂ ಹಾಲೇ ಅಲ್ವಾ?

ಲೋಕೇಶ್: ನಿಮ್ಮನ್ನು ಕೇಳಲಿಲ್ಲ.

ಕುಮಾರ್: ಯಶಸ್ವಿನಿ ಕಾರ್ಡ್ ಬಗ್ಗೆ ಬೆಳಿಗ್ಗೆ ಕೇಳಿದ್ದೆ…