ಅಪ್‌ಡೇಟ್: ಆರ್ಟ್ಸ್ ಪಿಯುಸಿ ಆದವಳಿಗೂ ನರ್ಸಿಂಗ್ ದಾರಿ ಸಿಕ್ಕಿತು

ಅಕ್ಕನ ಮಗಳು ಆರ್ಟ್ಸ್‌ನಲ್ಲಿ ಪಿಯುಸಿ ಮುಗಿಸಿದ್ದಾಳೆ, ಹಳ್ಳಿಯಲ್ಲೇ ಬಾಣಂತಿ-ಮಕ್ಕಳ ಆರೋಗ್ಯದ ಕೆಲಸ ಮಾಡಬೇಕಂತೆ, ಸೈನ್ಸ್ ಇಲ್ಲದೆ ಆಗುತ್ತಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಆಗುತ್ತೆ! ಎಎನ್ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಕೋರ್ಸಿಗೆ ಸೀಟು ಸಿಕ್ಕಿದೆ.

"ನಿಮ್ಮೂರಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಸ್ಟರ್ ಹತ್ರ ಮಾತಾಡಿ" ಅಂತ ಒಬ್ಬರು ಹೇಳಿದ್ದಿರಲ್ಲ, ಅದೇ ಕೈ ಹಿಡಿಯಿತು. ತುಂಬಾ ಥ್ಯಾಂಕ್ಸ್. ಸಿಸ್ಟರ್ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಬಿಎಸ್ಸಿ ನರ್ಸಿಂಗಿಗೆ ಸೈನ್ಸ್ ಬೇಕೇ ಬೇಕು. ಎಎನ್ಎಂಗೆ ಆರ್ಟ್ಸ್ ಆದರೂ ನಡೆಯುತ್ತೆ, ವಯಸ್ಸು 17 ತುಂಬಿರಬೇಕು. ಒಟ್ಟು 2 ವರ್ಷ, ಅದರಲ್ಲಿ 6 ತಿಂಗಳು ಇಂಟರ್ನ್‌ಶಿಪ್. ಲಸಿಕೆ, ಗರ್ಭಿಣಿಯರ ತಪಾಸಣೆ, ಮನೆ ಭೇಟಿ ಎಲ್ಲ ಅಲ್ಲೇ ಕಲಿಸ್ತಾರೆ. ಇವಳಿಗೆ ಬೇಕಾಗಿದ್ದೇ ಅದು.

ಇಲ್ಲಿ ಬಂದ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಸಲಹೆಯೂ ಚೆನ್ನಾಗಿತ್ತು, ಆದರೆ ಅವಳಿಗೆ ಜನರ ನಡುವೆ ಇರಬೇಕು. "ಆರೇ ತಿಂಗಳಲ್ಲಿ ನರ್ಸ್" ಅನ್ನೋ ಸೆಂಟರನ್ನೂ ವಿಚಾರಿಸಿದೆವು. ಆ ಸರ್ಟಿಫಿಕೇಟ್ ಇಟ್ಟುಕೊಂಡು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಲ್ಲ, ನೋಂದಣಿ ಇಲ್ಲದೆ ನರ್ಸ್ ಕೆಲಸ ಸಿಗಲ್ಲ. ಇದನ್ನು ಅವರು ಮೊದಲೇ ಹೇಳುವುದಿಲ್ಲ, ಬಡವರ ಮಕ್ಕಳ ದುಡ್ಡು ಹೋಗುತ್ತೆ. ಬೇಜಾರಾಯಿತು. ದಯವಿಟ್ಟು ಫೀಸು ಕಟ್ಟುವ ಮೊದಲು ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡಿ.

ನಮಗೆ ಗೊತ್ತೇ ಇರದ ಒಂದು ವಿಷಯ: ಎಎನ್ಎಂ ಮುಗಿಸಿ ನೋಂದಣಿ ಆದವರು ಮುಂದೆ ಜಿಎನ್ಎಂಗೆ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಸೇರಬಹುದು. ಅದಾದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್ಎಂ ಆದವರಿಗಿರುವ ನರ್ಸಿಂಗ್ ಪದವಿ) ಕೂಡ ಮಾಡಬಹುದು. ಇದನ್ನು ಕೇಳಿದ ಮೇಲೇ ಭಾವ ಒಪ್ಪಿದ್ದು.